ಓದು ಮತ್ತೆ ಶುರು: ಭಾನುವಾರ ಕುಂದವಾಡ ಕೆರೆ ಏರಿ ಮೇಲೆ

ಎಲ್ಲರಿಗೂ ನಮಸ್ಕಾರ. ಬಿ.ಎಡ್. ನಾಲ್ಕನೇ ಸೆಮಿಸ್ಟರ್ ಪರೀಕ್ಷೆ ಮುಗಿಸಿದ ಎಲ್ಲರಿಗೂ ಈ ಸೂಚನೆ. ಖುಷಿಗಾಗಿ ಓದುವುದನ್ನು ಮತ್ತೆ ಶುರುಮಾಡಲು ಬರುವ ಭಾನುವಾರ ಬೆಳಿಗ್ಗೆ 7ಕ್ಕೆ ದಾವಣಗೆರೆಯ ಕುಂದವಾಡ ಕೆರೆ ಏರಿ ಮೇಲೆ ಸೇರೋಣ. ಒಂದು ಗಂಟೆ ಸಾಕು.

ಒಬ್ಬೊಬ್ಬರು ಒಂದೇ ಪುಸ್ತಕ ತನ್ನಿ, 150 ಪುಟದೊಳಗಿನದು. ಎರಡು ವರ್ಷ ಪಾಠಯೋಜನೆ, ರೆಕಾರ್ಡ್ ಬರೆದು ದಣಿದ ಮೇಲೆ ದಪ್ಪ ಕಾದಂಬರಿ ಮೊದಲೇ ಬೇಡ, ಅರ್ಧಕ್ಕೇ ಕೈಬಿಡುತ್ತೀರಿ. ದಿನಕ್ಕೆ 10 ಪುಟವಾದರೂ ಹದಿನೈದು ದಿನಕ್ಕೆ ಮುಗಿಯುತ್ತದೆ. ಪೆನ್ಸಿಲ್ ಪಕ್ಕಕ್ಕಿಡಿ. ಉದ್ದೇಶ, ಕಲಿಕಾಂಶ ಹುಡುಕಿ ಗೆರೆ ಎಳೆಯುವ ರೂಢಿಯೇ ಕತೆಯ ಓಟ ಕೆಡಿಸುತ್ತದೆ. ರಾತ್ರಿ ಊಟವಾದ ಮೇಲೆ ಹಾಸಿಗೆಯಲ್ಲಿ ಹಿಡಿದರೆ ಎರಡನೇ ಪುಟಕ್ಕೇ ನಿದ್ದೆ. ಬೆಳಿಗ್ಗೆ ಕಾಫಿ ಜೊತೆ ಇಪ್ಪತ್ತು ನಿಮಿಷ ಎತ್ತಿಡಿ, ಫೋನ್ ಬೇರೆ ಕೋಣೆಯಲ್ಲಿರಲಿ. ಟಿಇಟಿಗೆ (ಶಿಕ್ಷಕರ ಅರ್ಹತಾ ಪರೀಕ್ಷೆಗೆ) ಓದುವ ಪುಸ್ತಕಗಳನ್ನು ಈ ಲೆಕ್ಕಕ್ಕೆ ಸೇರಿಸಬೇಡಿ, ಅದರ ವೇಳೆ ಬೇರೆಯೇ ಇರಲಿ.

ಪುಸ್ತಕ ಇಲ್ಲದವರು ನಗರ ಕೇಂದ್ರ ಗ್ರಂಥಾಲಯಕ್ಕೆ ಸದಸ್ಯರಾಗಿ. ವಿಳಾಸದ ದಾಖಲೆಯ ನಕಲು, ಫೋಟೋ ಜೊತೆಗಿರಲಿ. ಸೋಮವಾರ ರಜೆ, ಸುಮ್ಮನೆ ಹೋಗಿ ವಾಪಸ್ ಬರಬೇಡಿ.

ಶುಕ್ರವಾರ ರಾತ್ರಿ 9ರೊಳಗೆ "ಬರ್ತೀನಿ" ಅಂತ ಹಾಕಿ, ಪುಸ್ತಕದ ಹೆಸರೂ ಬರೆಯಿರಿ. ಇಬ್ಬರು ಒಂದೇ ಪುಸ್ತಕ ತಂದರೆ ಅದಲುಬದಲು ಮಾಡಿಕೊಳ್ಳಲು ಆಗಲ್ಲ. ಚಿತ್ರದುರ್ಗದಿಂದ ಬರುವವರು ಗುರುವಾರವೇ ತಿಳಿಸಿ, ಬಸ್ ಸ್ಟ್ಯಾಂಡಿಗೆ ಗಾಡಿ ಕಳಿಸುತ್ತೇವೆ.