ಮೊದಲು ತಿನ್ನು, ಆಮೇಲೆ ಮಾತು

ಮೊನ್ನೆ ಭಾನುವಾರಕ್ಕೆ ನಾನು ಕುಡಿತ ಬಿಟ್ಟು ಒಂದು ವರ್ಷ ಆಯಿತು. ಚರ್ಚಿನಲ್ಲಿ ಆರಾಧನೆ ಮುಗಿಯುವ ಹೊತ್ತಿಗೆ ಸಭಾಪಾಲಕರು (ಪಾಸ್ಟರ್) ನನ್ನನ್ನು ಸಾಕ್ಷಿ ಹೇಳಲು, ಅಂದರೆ ದೇವರು ನನ್ನ ಬದುಕಿನಲ್ಲಿ ಮಾಡಿದ್ದನ್ನು ಎಲ್ಲರೆದುರು ಹೇಳಲು, ಮುಂದಕ್ಕೆ ಕರೆದರು. ಹೋಗಿ ನಿಂತೆ, ಮೈಕ್ ಹಿಡಿದೆ. "ಎಲ್ಲರಿಗೂ ವಂದನೆ" ಅನ್ನುವಷ್ಟರಲ್ಲಿ ಗಂಟಲು ಕಟ್ಟಿತು. ಎರಡನೇ ಬೆಂಚಿನಲ್ಲಿ ಮಗಳು ನನ್ನ ಮುಖವನ್ನೇ ನೋಡುತ್ತಿದ್ದಳು. ಸುಮ್ನೆ ಕೈ ಮುಗಿದು ಬಂದು ಕೂತುಬಿಟ್ಟೆ. ಅಲ್ಲಿ ಬಾಯಿಗೆ ಬಾರದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಏನಾಯಿತು, ಎಷ್ಟು ಕೆಟ್ಟಿದ್ದೆ ಅನ್ನುವುದು ಹಾಸನದಲ್ಲಿ ನನ್ನನ್ನು ಬಲ್ಲವರಿಗೆಲ್ಲ ಗೊತ್ತು. ನಿಮ್ಮಲ್ಲಿ ಕೆಲವರು ನನ್ನನ್ನು ರಸ್ತೆ ಬದಿಯಿಂದ ಎಬ್ಬಿಸಿ ಆಟೋದಲ್ಲಿ ಮನೆಗೆ ತಂದು ಬಿಟ್ಟವರು. ಆಸ್ಪತ್ರೆಯ ಕಥೆಯೂ ಬೇಡ.

ಸ್ತ್ರೀಯರ ಕೂಟದ ಅಮ್ಮಂದಿರು ಪ್ರತಿ ಶುಕ್ರವಾರ ನನ್ನ ಹೆಸರು ಹಿಡಿದು ಪ್ರಾರ್ಥನೆ ಮಾಡಿದಿರಿ. ಆಫೀಸಿನ ಗೆಳೆಯರು ನನ್ನ ಕೆಲಸ ಹೋಗದ ಹಾಗೆ ನೋಡಿಕೊಂಡಿರಿ. ಪಕ್ಕದ ಮನೆಯ ಆಂಟಿ ಎಷ್ಟೋ ಸಂಜೆ ನನ್ನ ಮಗಳಿಗೆ ಊಟ ಹಾಕಿ ಹೋಂವರ್ಕ್ ಮಾಡಿಸಿದಿರಿ. ಕುಡಿತ ಬಿಡಲು ಒಬ್ಬರಿಗೊಬ್ಬರು ನೆರವಾಗುವ ಬುಧವಾರದ ಎ.ಎ. (ಆಲ್ಕೊಹಾಲಿಕ್ಸ್ ಅನಾನಿಮಸ್) ಕೂಟದ ಅಣ್ಣಂದಿರು ನಾನು ಹೇಳುವ ಸುಳ್ಳನ್ನು ಹೇಳುವ ಮೊದಲೇ ಹಿಡಿದಿರಿ. 1935ರಲ್ಲಿ ಅಮೆರಿಕದಲ್ಲಿ ಅದನ್ನು ಶುರು ಮಾಡಿದ ಇಬ್ಬರೂ ಕುಡಿತದಿಂದ ಹಾಳಾಗಿದ್ದವರೇ, ಅವರಲ್ಲಿ ಒಬ್ಬರು ಡಾಕ್ಟರು. ಅದು ಗೊತ್ತಾದ ದಿನ ನನಗೆ ಎಷ್ಟು ಧೈರ್ಯ ಬಂತು! ನಿಮ್ಮೆಲ್ಲರ ಋಣ ದೊಡ್ಡದು.

ಆದರೆ ಈ ಬರಹ ಮುಖ್ಯವಾಗಿ ನಮ್ಮ ಭಾವನವರಿಗೆ. ನನ್ನ ಹೆಂಡತಿಯ ಅಣ್ಣ. ನನ್ನನ್ನು ಹೊಸಿಲು ತುಳಿಯಬೇಡ ಅನ್ನುವ ಹಕ್ಕು ಈ ಭೂಮಿಯ ಮೇಲೆ ಯಾರಿಗಾದರೂ ಇದ್ದರೆ ಅದು ಅವರಿಗೆ.

ಭಾವ ಸಕಲೇಶಪುರದ ಕಡೆ ಒಂದು ಕಾಫಿ ತೋಟದಲ್ಲಿ ರೈಟರ್, ಅಂದರೆ ತೋಟದ ಲೆಕ್ಕಪತ್ರ ನೋಡಿಕೊಳ್ಳುವವರು. ಇಪ್ಪತ್ತು ವರ್ಷದಿಂದ ಒಂದೇ ತೋಟ. ಕಳೆದ ಜನವರಿಯಲ್ಲಿ ಆಸ್ಪತ್ರೆಯಿಂದ ಬಿಟ್ಟಾಗ ನಮ್ಮ ಮನೆಯ ಬಾಗಿಲು ನನಗೆ ತೆರೆದಿರಲಿಲ್ಲ, ತೆರೆಯಬೇಕಾದ ಕಾರಣವೂ ಇರಲಿಲ್ಲ. ಭಾವ ಬಂದು, ಹೆಚ್ಚು ಮಾತಾಡದೆ, ಬ್ಯಾಗ್ ಎತ್ತಿಕೊಂಡು ಬಸ್ಸಿಗೆ ಹತ್ತಿಸಿದರು. ತೋಟದಲ್ಲಿ ರೋಬಸ್ಟಾ ಕುಯ್ಲು ಜೋರಾಗಿತ್ತು. ಅವರ ಕ್ವಾರ್ಟರ್ಸ್ ಕಣದ ಪಕ್ಕಕ್ಕೇ ಇದೆ. ಹಗಲೆಲ್ಲ ಹಣ್ಣು ಹರಡಿ ಕೈಯಾಡಿಸುತ್ತಾರೆ, ಸಂಜೆ ಗುಡ್ಡೆ ಮಾಡಿ ಇಬ್ಬನಿ ಬೀಳದ ಹಾಗೆ ಟಾರ್ಪಾಲ್ ಹೊದಿಸುತ್ತಾರೆ, ರಾತ್ರಿ ಯಾರಾದರೂ ಕಾಯಬೇಕು. ಒಣಗಿದ ಕಾಫಿ ಕದಿಯುವವರು ಇದ್ದಾರಲ್ವಾ.

ಮೂರನೇ ರಾತ್ರಿ. ಎರಡು ಗಂಟೆ ಇರಬೇಕು. ಮೈಯೆಲ್ಲ ಒಂದೇ ಮಾತು ಹೇಳುತ್ತಿತ್ತು: ಎದ್ದು ಹೋಗು. ಪೇಟೆವರೆಗೆ ನಡೆದಾದರೂ ಹೋಗಿ, ಯಾರ ಬಾಗಿಲನ್ನಾದರೂ ತಟ್ಟಿ, ಒಂದು ಕ್ವಾರ್ಟರ್ ಹಿಡಿಯುವುದು ಎಂದು ಚಪ್ಪಲಿ ಕೈಯಲ್ಲಿ ಹಿಡಿದು ಹೊರಟೆ. ಬಾಗಿಲಿಗೆ ಅಡ್ಡ ಭಾವ ಮಲಗಿದ್ದರು. ನಿದ್ದೆ ಮಾಡಿರಲಿಲ್ಲ.

ಬಯ್ಯುತ್ತಾರೆ ಅಂದುಕೊಂಡೆ. "ಚಳಿ ಜಾಸ್ತಿ ಇದೆ, ಶಾಲು ತಗೋ" ಎಂದರು. ಇಬ್ಬರೂ ಕಣಕ್ಕೆ ಹೋದೆವು. ಒಂದು ಹಳೆಯ ಬಾಂಡ್ಲಿಯಲ್ಲಿ ಕಾಫಿ ಬೊಡ್ಡೆಯ ತುಂಡು ಹಾಕಿ ಬೆಂಕಿ ಮಾಡಿದರು. ನನ್ನ ಕೈ ಎಷ್ಟು ನಡುಗುತ್ತಿತ್ತೆಂದರೆ ಬೆಂಕಿಗೆ ಹಿಡಿಯಲೂ ಆಗುತ್ತಿರಲಿಲ್ಲ. ಅವರೇ ನನ್ನ ಎರಡೂ ಕೈ ಹಿಡಿದು ಕಾಸಿದರು. ಉರಿ ಇಳಿದು ಕೆಂಡವಾದ ಮೇಲೆ ಒಳಗಿಂದ ನಾಲ್ಕು ಒಣಮೀನು, ರಾತ್ರಿ ಉಳಿದಿದ್ದ ಅಕ್ಕಿರೊಟ್ಟಿ ತಂದರು. ಮೀನನ್ನು ಕೆಂಡದ ಮೇಲಿಟ್ಟು, ಬೆರಳಲ್ಲೇ ತಿರುವಿ, ಬೂದಿ ಕೊಡವಿ, ರೊಟ್ಟಿಯಲ್ಲಿ ಸುತ್ತಿ ಕೊಟ್ಟರು.

"ಭಾವ, ನಾನು..." ಎಂದು ಶುರು ಮಾಡಿದೆ.

"ಮೊದಲು ತಿನ್ನು. ಆಮೇಲೆ ಮಾತು."

ತಿಂದೆ. ಎರಡು ದಿನದಿಂದ ಏನೂ ನಿಂತಿರದ ಹೊಟ್ಟೆಯಲ್ಲಿ ಅದು ನಿಂತಿತು. ಆಮೇಲೆ ಅವರು ಹೇಳಿದ್ದು ಇಷ್ಟು. "ನನ್ನ ತಂಗಿ ಅಳೋದನ್ನ ಫೋನಲ್ಲಿ ಎಷ್ಟು ರಾತ್ರಿ ಕೇಳಿದ್ದೀನಿ ಗೊತ್ತಾ? ನಿನ್ನ ಮೇಲೆ ನನಗೆ ಸಿಟ್ಟಿದೆ. ಹೋಗಿಲ್ಲ ಇನ್ನೂ. ಆದ್ರೂ ಬೆಳಗಾಗೋವರೆಗೂ ಇಲ್ಲೇ ಕೂತಿರ್ತೀನಿ." ಕೂತಿದ್ದರು. ನಾನು ಎರಡು ಸಲ ಎದ್ದೆ, ಎರಡು ಸಲವೂ ಜೊತೆಗೆ ಎದ್ದರು. ಕಣದ ಸುತ್ತ ಒಂದು ಸುತ್ತು ಬಂದು ಮತ್ತೆ ಕೂತೆವು. ಒಂದು ಹೊತ್ತಿನಲ್ಲಿ ಹಳೆಯ ಕೀರ್ತನೆಯೊಂದನ್ನು ಮೆಲ್ಲಗೆ ಗುನುಗಿದರು. ಪ್ರಾರ್ಥನೆ ಮಾಡೋಣ ಅಂತಲೂ ಹೇಳಲಿಲ್ಲ.

ಬೆಳಗ್ಗೆ ಹಂಡೆಯಲ್ಲಿ ನೀರು ಕಾಯಿಸಿಕೊಟ್ಟರು. ಸ್ನಾನ ಮಾಡಿ ಬಂದಾಗ ಗೋದಾಮಿನ ಬೀಗದ ಕೈ ನನ್ನ ಅಂಗೈಯಲ್ಲಿಟ್ಟರು. ಇವತ್ತಿನಿಂದ ಕಣ ನೋಡಿಕೋ ಅಂದರು. ನನಗೆ ಉಸಿರೇ ನಿಂತ ಹಾಗಾಯಿತು. "ಭಾವ, ಕ್ಯಾರಲ್ಸ್ ದುಡ್ಡಿನ ವಿಷಯ ನಿಮಗೆ ಗೊತ್ತಲ್ವಾ?"

"ಗೊತ್ತು. ಬಿಸಿಲು ಬಂದ ತಕ್ಷಣ ಟಾರ್ಪಾಲ್ ತೆಗೆಸು, ತಡ ಮಾಡಬೇಡ."

ಇಲ್ಲಿ ಬರೆದೇಬಿಡುತ್ತೇನೆ, ಯಾಕೆಂದರೆ ಅರ್ಧ ಸತ್ಯ ಹೇಳಿ ಕೃತಜ್ಞತೆ ಹೇಳಲು ಆಗುವುದಿಲ್ಲ. ಆ ಕ್ರಿಸ್ಮಸ್‌ನಲ್ಲಿ ಯೌವನಸ್ಥರ ಕೂಟದ ಖಜಾಂಚಿ ನಾನು. ಮಕ್ಕಳು ಚಳಿಯಲ್ಲಿ ಮನೆಮನೆಗೆ ಹೋಗಿ ಹಾಡಿ ತಂದ ಡಬ್ಬ ನನ್ನ ಬೀರುವಿನಲ್ಲಿತ್ತು. ಅದನ್ನು ಒಡೆದು ಕುಡಿದೆ. ಆ ಮಕ್ಕಳಲ್ಲಿ ನನ್ನ ಮಗಳೂ ಒಬ್ಬಳು. ಖಾಲಿ ಡಬ್ಬವನ್ನು ಮೊದಲು ನೋಡಿದವಳೂ ಅವಳೇ. "ಅಪ್ಪ, ಇದರಲ್ಲಿದ್ದದ್ದು ಎಲ್ಲಿ?" ಎಂದು ಕೇಳಿದಳು. ನಾನು ಅವಳಿಗೆ ಹೊಡೆದೆ. ಹತ್ತು ವರ್ಷದ ಮಗುವಿಗೆ. ಇದನ್ನು ಬರೆಯುವಾಗ ಈಗಲೂ ಕೈ ನಿಲ್ಲುವುದಿಲ್ಲ. ಕೊನೆಯ ಕಂತು ಅಕ್ಟೋಬರ್‌ನಲ್ಲಿ ಕಟ್ಟಿ ಆ ದುಡ್ಡು ತೀರಿಸಿದೆ. ಆ ಏಟನ್ನು ತೀರಿಸುವ ಕಂತು ಯಾವುದೂ ಇಲ್ಲ.

ಅಂಥವನ ಕೈಗೆ ಬೀಗದ ಕೈ ಕೊಟ್ಟರು. ಒಂದು ಮೂಟೆ ಕಡಿಮೆಯಾಗಿದ್ದರೂ ಧಣಿಗಳ ಮುಂದೆ ತಲೆ ತಗ್ಗಿಸಬೇಕಾದವರು ಅವರು.

ಇದರ ಅರ್ಥ ನನಗೆ ಆಗ ಆಗಲಿಲ್ಲ. ಈಸ್ಟರ್ ಕಳೆದ ಮೇಲೆ ಒಂದು ಭಾನುವಾರ ಚರ್ಚಿನಲ್ಲಿ ಯೋಹಾನನ ಸುವಾರ್ತೆ 21ನೇ ಅಧ್ಯಾಯದ ವಾಚನ ಇತ್ತು. ರಾತ್ರಿಯೆಲ್ಲ ಬಲೆ ಬೀಸಿ ಏನೂ ಸಿಗದೆ ಬಂದ ಶಿಷ್ಯರಿಗೆ ದಡದಲ್ಲಿ ಯೇಸು ಕಾಣುತ್ತಾನೆ. ಕೆಂಡ ಇದೆ. ಕೆಂಡದ ಮೇಲೆ ಮೀನು. ಜೊತೆಗೆ ರೊಟ್ಟಿ. ಬನ್ನಿ, ಊಟ ಮಾಡಿ ಅನ್ನುತ್ತಾನೆ. ನಾನು ಬೆಂಚಿನಲ್ಲಿ ಬಗ್ಗಿ ಮುಖ ಮುಚ್ಚಿಕೊಂಡೆ.

ಸಭಾಪಾಲಕರು ಅವತ್ತು ಒಂದು ವಿಷಯ ಬಿಡಿಸಿ ಹೇಳಿದರು. ಕೆಂಡದ ಬೆಂಕಿಗೆ ಗ್ರೀಕ್ ಮೂಲದಲ್ಲಿರುವ ಆ ಪದ ಇಡೀ ಹೊಸ ಒಡಂಬಡಿಕೆಯಲ್ಲಿ ಎರಡೇ ಕಡೆ ಬರುತ್ತದಂತೆ. ಒಂದು ಇಲ್ಲಿ. ಇನ್ನೊಂದು ಅದೇ ಸುವಾರ್ತೆಯ 18ನೇ ಅಧ್ಯಾಯದಲ್ಲಿ, ಮಹಾಯಾಜಕನ ಅಂಗಳದಲ್ಲಿ. ಯೇಸುವನ್ನು ಹಿಡಿದ ರಾತ್ರಿ ಅದು. ಅಲ್ಲೂ ಚಳಿ, ಆಳುಗಳ ಜೊತೆ ಯೇಸುವಿನ ಶಿಷ್ಯ ಪೇತ್ರನೂ ಚಳಿ ಕಾಯಿಸುತ್ತಾ ನಿಂತಿದ್ದ, ಅಲ್ಲೇ ನಾನು ಯೇಸುವಿನ ಶಿಷ್ಯನಲ್ಲ ಅಂದ. ಮೂರು ಸಲ ಅಲ್ಲಗಳೆದವನನ್ನು ಯೇಸು ಮತ್ತೆ ಅಂಥದೇ ಬೆಂಕಿಯ ಹತ್ತಿರ ಕೂರಿಸಿದ. ಮೊದಲು ಹೊಟ್ಟೆಗೆ ಹಾಕಿದ. ಆಮೇಲೆ ಕೇಳಿದ, ನನ್ನನ್ನು ಪ್ರೀತಿಸುತ್ತೀಯಾ ಎಂದು, ಮೂರು ಸಲ. ಮೂರನೇ ಸಲ ಪೇತ್ರನಿಗೆ ನೋವಾಯಿತು ಅಂತ ಬರೆದಿದೆ. ನೋವಾಗದ ಹಾಗೆ ಮುಚ್ಚಿಹಾಕಲಿಲ್ಲ ಯೇಸು. ಆದರೆ ಯಾಕೆ ಹಾಗೆ ಮಾಡಿದೆ ಎಂದು ಕೇಳಲಿಲ್ಲ, ಇನ್ನು ಮಾಡಲ್ಲ ಅಂತ ಆಣೆ ಹಾಕಿಸಲೂ ಇಲ್ಲ. ನನ್ನ ಕುರಿಗಳನ್ನು ಮೇಯಿಸು ಎಂದು ಕೆಲಸ ಕೊಟ್ಟ.

ಕೃಪೆ ಅಂದರೆ ತಪ್ಪಿಗೆ ಮಾಫಿ, ಅಷ್ಟೇ ಅಂದುಕೊಂಡಿದ್ದೆ ಇಷ್ಟು ವರ್ಷ. ನಂಬಿಕೆಗೆ ಯೋಗ್ಯನಾಗುವ ಮೊದಲೇ ಕೈಗೆ ಕೆಲಸ ಬರುವುದೂ ಕೃಪೆಯೇ ಅನ್ನುವುದನ್ನು ನನಗೆ ಕಲಿಸಿದ್ದು ಆ ಕಣ.

ಒಂದೇ ರಾತ್ರಿಗೆ ನಾನು ಬದಲಾದೆ ಅಂತ ಯಾರೂ ತಿಳಿಯಬೇಡಿ. ಎಷ್ಟೋ ಬೇಸಿಗೆಯ ಮಧ್ಯಾಹ್ನ ಶೆಟ್ಟಿಹಳ್ಳಿಯ ಹಳೆಯ ಚರ್ಚಿನ ಗೋಡೆಯ ಮರೆಯಲ್ಲಿ ಕೂತು ಕುಡಿದಿದ್ದೇನೆ. ಗೊರೂರಿನ ಹೇಮಾವತಿ ಜಲಾಶಯ ತುಂಬಿದಾಗ ಮುಳುಗಿ, ನೀರಿಳಿದಾಗ ಮತ್ತೆ ಕಾಣುವ ಆ ಚರ್ಚು. ಅಲ್ಲೇ ಕೂತು ಇದೇ ಕೊನೆ ಎಂದು ದೇವರಿಗೆ ಮಾತು ಕೊಟ್ಟಿದ್ದೇನೆ, ಮುರಿದಿದ್ದೇನೆ, ಮತ್ತೆ ಕೊಟ್ಟಿದ್ದೇನೆ. ಆ ನಾಚಿಕೆಯನ್ನು ಸಭಾಪಾಲಕರ ಹತ್ತಿರ ಹೇಳಿಕೊಂಡಾಗ ಅವರು ಜಾನ್ ನ್ಯೂಟನ್ ಕಥೆ ಹೇಳಿದರು. ಕೃಪೆಯ ಬಗ್ಗೆ ಲೋಕದ ತುಂಬಾ ಹಾಡುವ 'ಅಮೇಜಿಂಗ್ ಗ್ರೇಸ್' ಹಾಡನ್ನು ಬರೆದವನು. ಬಿರುಗಾಳಿಯಲ್ಲಿ ಹಡಗು ಮುಳುಗುವಾಗ ಅವನು ದೇವರನ್ನು ಕೂಗಿದ್ದು 1748ರಲ್ಲಿ. ಆದರೆ ಗುಲಾಮರನ್ನು ಸಾಗಿಸುವ ಹಡಗಿನ ಕೆಲಸ ಬಿಟ್ಟಿದ್ದು 1754ರಲ್ಲಿ. ಆ ವ್ಯಾಪಾರ ಪಾಪ, ಅದರಲ್ಲಿ ನಾನೂ ಇದ್ದೆ ಎಂದು ಬಹಿರಂಗವಾಗಿ ಬರೆದಿದ್ದು 1788ರಲ್ಲಿ. ನಲವತ್ತು ವರ್ಷ! ಅಷ್ಟು ವರ್ಷ ಬೇಡಿ ಹಾಕಿಸಿಕೊಂಡವರು ಪಟ್ಟ ಪಾಡಿಗೆ ಇದು ಸಮಾಧಾನ ಅಲ್ಲ, ಅದನ್ನು ಸಭಾಪಾಲಕರೂ ಒತ್ತಿ ಹೇಳಿದರು. ದೇವರು ಅವನ ಕೈ ಬಿಡಲಿಲ್ಲ, ತಪ್ಪನ್ನು ಚಿಕ್ಕದೂ ಮಾಡಲಿಲ್ಲ. ಎರಡೂ ನಿಜ. ನಾನು ಎರಡನ್ನೂ ಹಿಡಿದುಕೊಂಡಿದ್ದೇನೆ.

ಈ ಕ್ರಿಸ್ಮಸ್‌ಗೆ ಕ್ಯಾರಲ್ಸ್ ಗುಂಪಿನ ಜೊತೆ ಹೋದೆ. ಡಬ್ಬ ಬೇರೆಯವರ ಕೈಯಲ್ಲಿತ್ತು, ಅದೇ ಸರಿ. ನಾನು ಪೆಟ್ರೋಮ್ಯಾಕ್ಸ್ ಹಿಡಿದಿದ್ದೆ. ಕೊನೆಯ ಮನೆಗೆ ಹೋಗುವಾಗ ದಾರಿಯಲ್ಲಿ ಗುಂಡಿಗಳಿದ್ದವು, ಮಗಳು ಬಂದು ನನ್ನ ಸ್ವೆಟರ್ ತುದಿ ಹಿಡಿದುಕೊಂಡಳು. ಕೈ ಅಲ್ಲ, ಸ್ವೆಟರ್ ತುದಿ. ಅಷ್ಟಕ್ಕೇ ನಾನು ದೇವರಿಗೆ ಎಷ್ಟು ಸ್ತೋತ್ರ ಹೇಳಿದೆನೋ!

ಅವಳ ಅಮ್ಮನ ಬಗ್ಗೆ ಇಲ್ಲಿ ಬರೆಯುವುದಿಲ್ಲ. ಅವಳಿಗೆ ಹೇಳಬೇಕಾದ್ದನ್ನು ಮನೆಯಲ್ಲಿ, ದಿನಾ, ಅವಳೆದುರೇ ಹೇಳಬೇಕು.

ಭಾವ, ನೀವು ಇದನ್ನು ಓದುತ್ತೀರೋ ಇಲ್ಲವೋ. ಓದಿದರೆ "ಇದನ್ನೆಲ್ಲ ಯಾಕೆ ಬರೆಯೋಕೆ ಹೋದೆ" ಅನ್ನುತ್ತೀರಿ. ಆ ರಾತ್ರಿ ನೀವು ಮಲಗಿಬಿಟ್ಟಿದ್ದರೆ ಈ ಬರಹ ಬರೆಯುವವನೇ ಇರುತ್ತಿರಲಿಲ್ಲ, ಅದಕ್ಕೇ.

ನಿನ್ನೆ ಭಾವನ ಫೋನ್ ಬಂದಿತ್ತು. ರೋಬಸ್ಟಾ ಕುಯ್ಲು ಶುರುವಾಗಿದೆಯಂತೆ, ಆಳು ಸಾಲುತ್ತಿಲ್ಲವಂತೆ, ರಾತ್ರಿ ಕಣಕ್ಕೆ ಜನ ಬೇಕಂತೆ. ಜೊತೆಗೆ ಅವರ ಊರಿನ ಒಬ್ಬ ಹುಡುಗ ಇದ್ದಾನಂತೆ, ಮೊನ್ನೆ ತಾನೆ ಆಸ್ಪತ್ರೆಯಿಂದ ಬಂದಿದ್ದಾನೆ, ರಾತ್ರಿ ನಿದ್ದೆ ಇಲ್ಲವಂತೆ. "ಯಾವತ್ತು ಬರ್ತೀಯ?" ಎಂದರು.

ರಜೆ ಹಾಕಿದ್ದೇನೆ. ಶುಕ್ರವಾರ ಸಂಜೆಯ ಬಸ್ಸಿಗೆ ಹೊರಡುತ್ತಿದ್ದೇನೆ. ಹಾಸನದ ಸಂತೆಯಲ್ಲಿ ಅರ್ಧ ಕೆ.ಜಿ. ಒಣಮೀನು ತಗೊಂಡು ಇಟ್ಟಿದ್ದೇನೆ.