ಕೈ ಹೋಗದ ಜಾಗಕ್ಕೆ ಇನ್ನು ಪಾಪ್ ರಿವೆಟ್ ಇಲ್ಲ

ಎಲ್ಲ ಗ್ರಾಹಕರಿಗೆ ಬಳ್ಳಾರಿಯಿಂದ ನಮಸ್ಕಾರ.

ನಾಟಕದವರು, ದೊಡ್ಡಾಟದವರು, ಹಂಪಿ ಉತ್ಸವದ ಮೆರವಣಿಗೆಗೆ ಸೈನಿಕರ ವೇಷ ಕಟ್ಟುವ ಹುಡುಗರು, ಎಲ್ಲರೂ ನಮ್ಮ ಶೆಡ್ಡಿಗೆ ಕವಚ ರಿಪೇರಿಗೆ ತರುತ್ತೀರಿ. ಈ ತಿಂಗಳಿಂದ ಕೆಲಸದ ರೀತಿ ಸ್ವಲ್ಪ ಬದಲಾಗಿದೆ. ತಗಡಿಗೆ ತಗಡು ಜೋಡಿಸುವ ಮೊಳೆಯೇ ರಿವೆಟ್. ಕೈಯೂ ಸುತ್ತಿಗೆಯೂ ಹೋಗದ ಜಾಗದಲ್ಲಿ ಇನ್ನು ಪಾಪ್ ರಿವೆಟ್, ಅಂದರೆ ಗನ್ನಿನಿಂದ ಹಾಕುವ ಟೊಳ್ಳು ರಿವೆಟ್, ಹೊಡೆಯುವುದಿಲ್ಲ. ಅಲ್ಲೂ ಗಟ್ಟಿ ರಿವೆಟ್ಟನ್ನೇ ಬಡಿದು ಕೂರಿಸುತ್ತೇವೆ. ಅದಕ್ಕೆ ದಿನ ಜಾಸ್ತಿ ಬೇಕು, ರೊಕ್ಕವೂ ಜಾಸ್ತಿ ಆಗುತ್ತದೆ. ಯಾಕೆ ಅಂತ ಹೇಳಬೇಕಲ್ವಾ?

ಕಳೆದ ಜಾತ್ರೆ ಸೀಸನ್ನಿನಲ್ಲಿ ಒಂದು ದೊಡ್ಡಾಟದ ತಂಡದ ತೋಳುಗವಚ ಬಂತು. ಮೊಣಕೈ ಹತ್ತಿರ ತಗಡು ಬಿಟ್ಟುಕೊಂಡಿತ್ತು. ಮರುದಿನವೇ ಆಟ. ನಾಲ್ಕು ಪಾಪ್ ರಿವೆಟ್ ಹಾಕಿ ಸಂಜೆಗೇ ಕೊಟ್ಟೆವು. ಮೂರನೇ ದಿನ ಪಾತ್ರಧಾರಿಯೇ ಕವಚ ಹಿಡಿದು ಬಂದರು. ಅಂಗಿ ತೋಳು ಮಡಚಿ ತೋರಿಸಿದರು. ಮೊಣಕೈ ಕೆಳಗೆ ಸಾಲಾಗಿ ನಾಲ್ಕು ಗೀರು, ರಕ್ತ ಒಣಗಿ ಕಪ್ಪಾಗಿತ್ತು. ‘ಬೆಳಗಿನ ತನಕ ಕುಣಿಯೂದ್ರಾಗ ಗೊತ್ತೇ ಆಗ್ಲಿಲ್ರಿ’ ಅಂದರು. ಬೈಯಲೂ ಇಲ್ಲ. ತಪ್ಪು ಪೂರ್ತಿ ನಮ್ಮದೇ.

ಪಾಪ್ ರಿವೆಟ್ ಒಳಗೆ ಟೊಳ್ಳು. ಹೊರಗಿನಿಂದ ಗನ್ ಹಿಡಿದು ಕಡ್ಡಿ ಎಳೆದರೆ ಒಳತುದಿ ಉಬ್ಬಿ ಕಚ್ಚಿಕೊಳ್ಳುತ್ತದೆ, ಕಡ್ಡಿ ತುಂಡಾಗುತ್ತದೆ. ಆ ಒಳತುದಿ ಚೂಪಾಗಿ ಕೂತಿದೆಯೋ ಹೇಗೆ ಅಂತ ಯಾರಿಗೂ ಕಾಣುವುದಿಲ್ಲ. ನಾವು ಹಾಕುತ್ತಿದ್ದ ಪಾಪ್ ರಿವೆಟ್ ಅಲ್ಯೂಮಿನಿಯಂ, ಕವಚ ಕಬ್ಬಿಣ. ನಡುವೆ ಬೆವರಿನ ಉಪ್ಪು ಸೇರಿದರೆ ಅಲ್ಯೂಮಿನಿಯಂ ಸವೆಯುತ್ತಾ ಹೋಗುತ್ತದೆ, ರಿವೆಟ್ ಸಡಿಲಾಗುತ್ತದೆ. ನಮ್ಮ ಊರಿನ ಸೆಕೆಯಲ್ಲಿ ಬೆವರಿಗೇನು ಕಡಿಮೆ? ಇನ್ನೊಂದು ತೊಂದರೆ, ಮಡಚುವ ಕಡೆ ಒಂದು ತಗಡು ಇನ್ನೊಂದರ ಮೇಲೆ ಜಾರಬೇಕು. ಪಾಪ್ ರಿವೆಟ್ ಎರಡನ್ನೂ ಬಿಗಿದು ಹಿಡಿದುಬಿಡುತ್ತದೆ. ಪೆಟ್ಟಿಗೆಗೆ, ಬೋರ್ಡಿಗೆ ಅದು ಒಳ್ಳೆಯದೇ. ಮೈಗೆ ತಾಗುವ ಕವಚಕ್ಕೆ ಅಲ್ಲ.

ಈಗ ಮೊದಲು ಬಿಚ್ಚುತ್ತೇವೆ. ಕವಚದ ಬಾಯಿ ಕಡೆಯ ರಿವೆಟ್‌ಗಳನ್ನು ಡ್ರಿಲ್ ಮಾಡಿ ತೆಗೆದು, ಆಳದಲ್ಲಿರುವುದನ್ನು ಮೊದಲು ಕೂರಿಸಿ, ಬಾಯಿ ಕಡೆಯದನ್ನು ಕೊನೆಗೆ ಬಡಿಯುತ್ತೇವೆ. ಹಾಗಾಗಿ ಮುರಿದದ್ದು ಒಂದೇ ಆದರೂ ಬಿಲ್ಲಿನಲ್ಲಿ ಆರು ರಿವೆಟ್ ಇರಬಹುದು. ದಯವಿಟ್ಟು ಗಾಬರಿಯಾಗಬೇಡಿ.

ಬಿಚ್ಚಲು ಬಾರದ ಕೊಳವೆಯಂಥ ತೋಳುಗವಚಕ್ಕೆ ಉದ್ದನೆಯ ಕಬ್ಬಿಣದ ಸರಳು ಮಾಡಿಕೊಂಡಿದ್ದೇವೆ. ಅದರ ಒಂದು ತುದಿಯಲ್ಲಿ ರಿವೆಟ್ಟಿನ ತಲೆ ಕೂರುವಷ್ಟು ಸಣ್ಣ ಗುಳಿ. ಸರಳನ್ನು ವೈಸಿಗೆ ಕಚ್ಚಿಸಿ, ಗುಳಿಗೆ ಚೂರು ಜೇನುಮೇಣ ಹಚ್ಚಿ, ರಿವೆಟ್ ತಲೆಯನ್ನು ಅದಕ್ಕೆ ಅಂಟಿಸುತ್ತೇವೆ. ಆಮೇಲೆ ಬಳೆ ತೊಡಿಸಿದ ಹಾಗೆ ಕವಚವನ್ನು ಸರಳಿಗೆ ಏರಿಸಿ, ಮೆಲ್ಲಗೆ ತಡಕಾಡಿ ರಿವೆಟ್ ಬಾಲವನ್ನು ತೂತಿನಿಂದ ಹೊರಗೆ ತರುತ್ತೇವೆ. ಬಡಿಯುವುದು ಹೊರಗಡೆಯಿಂದ. ಒಳಗೆ ಮೈಗೆ ತಾಗುವುದು ನುಣುಪಾದ ತಲೆ ಮಾತ್ರ. ಬೇಸಿಗೆಯಲ್ಲಿ ಮಧ್ಯಾಹ್ನಕ್ಕೆ ಮೇಣ ಮೆತ್ತಗಾಗಿ ರಿವೆಟ್ ಉದುರುತ್ತದೆ. ಅದಕ್ಕೇ ಈ ಕೆಲಸ ಬೆಳಗಿನ ಹೊತ್ತು ಮಾತ್ರ.

4 ಮಿಲಿಮೀಟರ್ ದಪ್ಪದ ರಿವೆಟ್ಟಿಗೆ 6 ಮಿಲಿಮೀಟರ್ ಬಾಲ ಹೊರಗೆ ಬಿಡುತ್ತೇವೆ, ಅಂದರೆ ದಪ್ಪದ ಒಂದೂವರೆ ಪಟ್ಟು. ಕಡಿಮೆಯಾದರೆ ಬಡಿದಾಗ ಹೊರಗಡೆ ಎರಡನೇ ತಲೆ ಕಟ್ಟುವುದಿಲ್ಲ, ಜಾಸ್ತಿಯಾದರೆ ಬಾಲ ಬಾಗುತ್ತದೆ. ಸರಳು ಸರಿಯಾಗಿ ಒತ್ತಿಕೊಂಡಿದ್ದರೆ ಮೊದಲ ಪೆಟ್ಟಿಗೇ ‘ಟಣ್’ ಅನ್ನುತ್ತದೆ. ‘ಡಬ್’ ಅಂದರೆ ಅಲ್ಲಿಗೇ ನಿಲ್ಲಿಸಬೇಕು, ಇಲ್ಲದಿದ್ದರೆ ತಗಡು ತಗ್ಗು ಬೀಳುತ್ತದೆ. ಮಡಚುವ ಕಡೆ ಎರಡು ತಗಡಿನ ನಡುವೆ ಹಳೆ ಮದುವೆ ಕಾರ್ಡಿನ ತುಂಡು ಇಟ್ಟು ಬಡಿದು, ಆಮೇಲೆ ಎಳೆದು ತೆಗೆಯುತ್ತೇವೆ. ಅಷ್ಟು ಸಂದು ಇದ್ದರೆ ಮೊಣಕೈ ಸಲೀಸಾಗಿ ಆಡುತ್ತದೆ.

ಇಂಥ ಜಾಗದ ಒಂದು ರಿವೆಟ್ಟಿಗೆ ಮೊದಲು 15 ರೂಪಾಯಿ ಇತ್ತು, ಈಗ 60. ಸಂಜೆಗೇ ಕೊಡುತ್ತಿದ್ದ ಕೆಲಸಕ್ಕೆ ಈಗ ನಾಲ್ಕು ದಿನ ಬೇಕು. ಆಟದ ಹಿಂದಿನ ದಿನ ತಂದರೆ ಆಗುವುದಿಲ್ಲ ಅಂತಲೇ ಹೇಳುತ್ತೇವೆ, ಬೇಜಾರು ಮಾಡಿಕೊಳ್ಳಬೇಡಿ. ಕೈ ಹೋಗುವ ಕಡೆಯ ಕೆಲಸಕ್ಕೆ ಹಳೆ ದರವೇ. ಅಸ್ತರು ಬಿಚ್ಚಿಕೊಂಡು ಬಂದರೆ ಒಂದು ದಿನ ಉಳಿಯುತ್ತದೆ. ಮನೆತನದ ಹಳೆ ಕಾಲದ ಕವಚ ಇದ್ದರೆ ನಮ್ಮ ಹತ್ತಿರ ತರಬೇಡಿ. ಅದರ ಹಳೆ ರಿವೆಟ್ ತೆಗೆಯುವುದು ನಮ್ಮ ಕೆಲಸ ಅಲ್ಲ. ಮೊದಲು ಮ್ಯೂಸಿಯಂನವರಿಗೆ ತೋರಿಸಿ.

ಈ ಹಿಂದೆ ನಾವು ಪಾಪ್ ರಿವೆಟ್ ಹಾಕಿ ಕೊಟ್ಟ ಕವಚಗಳನ್ನು ವಾಪಸ್ ತನ್ನಿ. ಕೂಲಿ ಇಲ್ಲದೆ ಬದಲಿಸಿ ಕೊಡುತ್ತೇವೆ. ತರುವ ಮೊದಲು ಒಳಗಡೆ ಹಳೆ ಬಟ್ಟೆಯಿಂದ ಒಮ್ಮೆ ಸವರಿ, ಬರಿಗೈ ಹಾಕಬೇಡಿ. ಎಲ್ಲಿ ನೂಲು ಸಿಕ್ಕಿಕೊಳ್ಳುತ್ತದೋ ಅಲ್ಲಿ ಹೊರಗಡೆ ಚಾಕ್‌ಪೀಸಿನಿಂದ ಗುರುತು ಹಾಕಿಕೊಂಡು ಬನ್ನಿ.

ನಿಮ್ಮ
ಶೆಡ್ಡಿನ ಎಲ್ಲರೂ, ಬಳ್ಳಾರಿ