ಅತ್ತೆಗೆ, ಮತ್ತೆ ಜೊತೆಗಿದ್ದ ಎಲ್ಲರಿಗೆ

ಮೊನ್ನೆ ನಮ್ಮ ಮದುವೆಗೆ 10 ವರ್ಷ ತುಂಬಿತು. ಈ ದಿನ ನೋಡುತ್ತೇವೆ ಅನ್ನುವ ನಂಬಿಕೆ ಹೋದ ಮಳೆಗಾಲದಲ್ಲಿ ನನಗಿರಲಿಲ್ಲ. ಏನಾಯಿತು ಅಂತ ಹತ್ತಿರದವರಿಗೆ ಗೊತ್ತು, ಮತ್ತೆ ಹೇಳುವುದಿಲ್ಲ. ಶಿರಸಿಯ ಅಣ್ಣ-ಅತ್ತಿಗೆ, ಮಗಳಿಗೆ ದಿನಾ ಊಟ ಹಾಕಿದ ಪಕ್ಕದ ಮನೆಯವರು, ಬಿಡದೆ ಫೋನ್ ಮಾಡಿದ ಗೆಳತಿಯರು, ಕೌನ್ಸೆಲರ್ ಮೇಡಂ, ನಿಮಗೆಲ್ಲ ಮನಸಾರೆ ಧನ್ಯವಾದ.

ಆದರೆ ಜಾಸ್ತಿ ಬರೆಯಬೇಕಿರುವುದು ಅತ್ತೆಯ ಬಗ್ಗೆ.

ನಮ್ಮ ಯಜಮಾನರು ಒಂದು ಮಾತೂ ಆಡದೆ ಬ್ಯಾಗ್ ತುಂಬಿಕೊಂಡು ಕಾರವಾರದ ರೂಮಿಗೆ ಹೋದ ರಾತ್ರಿ ಕುಮಟಾದಲ್ಲಿ ಜಡಿಮಳೆ. ಕರೆಂಟ್ ಇಲ್ಲ. ಮಂಡಿನೋವಿದ್ದರೂ ಅತ್ತೆ ಅಡುಗೆಮನೆಯಲ್ಲಿ ಮಣೆ ಹಾಕಿಕೊಂಡು ನನ್ನ ಪಕ್ಕ ಕೂತರು. ಕಷಾಯ ಆರಿದ ಹಾಗೆಲ್ಲ ಎದ್ದು ಬಿಸಿ ಮಾಡಿದರು. 'ಹೊಂದಿಕೊಂಡು ಹೋಗು' ಅನ್ನಲಿಲ್ಲ. ಮಗನ ಪರ ವಹಿಸಲಿಲ್ಲ. ಅವರು ಎದ್ದು ಮಲಗಲು ಹೋಗಿದ್ದರೆ ಆ ರಾತ್ರಿ ನಾನು ಏನು ಮಾಡಿಕೊಳ್ಳುತ್ತಿದ್ದೆನೋ.

ಯಾರಿಗೂ ಹೇಳದ್ದನ್ನು ಅವರಿಗೆ ಹೇಳಿದೆ. ನಾನು ಚಿಕ್ಕವಳಿದ್ದಾಗ ಅಪ್ಪ-ಆಯಿಗೆ ಹುಬ್ಬಳ್ಳಿಯಲ್ಲಿ ಕೆಲಸ, ನಾನು ಅಜ್ಜನಮನೆಯಲ್ಲಿ. ಅಳ್ತಾಳೆ ಅಂತ, ನನಗೆ ನಿದ್ದೆ ಬಂದ ಮೇಲೆ ಹೊರಡುತ್ತಿದ್ದರು. ಬೆಳಿಗ್ಗೆ ಎದ್ದರೆ ಗಳದ ಮೇಲೆ ಆಯಿಯ ಸೀರೆ ಇರುತ್ತಿರಲಿಲ್ಲ. ಇವತ್ತಿಗೂ ಇವರು ಫೋನ್ ಎತ್ತದಿದ್ದರೆ ಹೊಟ್ಟೆಯಲ್ಲಿ ಅದೇ ಸಂಕಟ.

ಅತ್ತೆ ತುಂಬಾ ಹೊತ್ತು ಸುಮ್ಮನಿದ್ದರು. ಆಮೇಲೆ ಮಗನ ಬಗ್ಗೆ ಹೇಳಿದರು. ಹತ್ತಿರ ಶಾಲೆ ಇಲ್ಲ ಅಂತ ಆರು ವರ್ಷಕ್ಕೇ ನೆಂಟರ ಮನೆಯಲ್ಲಿ ಬಿಟ್ಟು ಬಂದಿದ್ದರಂತೆ. "ಅಂವ ಒಂದು ಹನಿ ಅಳಲಿಲ್ಲ ಕೂಸೇ. ಎಂಥ ಗಟ್ಟಿ ಮಾಣಿ ಅಂತ ಎಲ್ಲರೂ ಹೊಗಳಿದರು," ಅಂದು ಸೆರಗಿನಲ್ಲಿ ಕಣ್ಣೊರೆಸಿಕೊಂಡರು.

ಇದನ್ನು ಕೇಳಿ ಕೌನ್ಸೆಲರ್ ಮೇಡಂ ಒಂದು ವಿಷಯ ಹೇಳಿದರು. ತಾಯಿ ಎದ್ದು ಹೋಗಿ ವಾಪಸ್ ಬಂದಾಗ ಪುಟ್ಟ ಮಕ್ಕಳು ಏನು ಮಾಡುತ್ತವೆ ಅಂತ ಮನಶ್ಶಾಸ್ತ್ರಜ್ಞೆ ಮೇರಿ ಐನ್ಸ್‌ವರ್ತ್ ಅಮೆರಿಕದ ಬಾಲ್ಟಿಮೋರ್‌ನಲ್ಲಿ ನೋಡಿದ್ದರು. ಕೆಲವು ಮಕ್ಕಳು ಎತ್ತಿಕೊಂಡರೂ ಅಳು ನಿಲ್ಲಿಸುವುದಿಲ್ಲ. ಕೆಲವು ತಿರುಗಿಯೂ ನೋಡುವುದಿಲ್ಲ. ಆದರೆ 1977ರಲ್ಲಿ ಬೇರೆ ಇಬ್ಬರು ಸಂಶೋಧಕರು ಎದೆಬಡಿತ ಅಳೆದು ನೋಡಿದರೆ, ಆ ಸುಮ್ಮನಿದ್ದ ಮಕ್ಕಳದ್ದೂ ಏರಿತ್ತು! ದೊಡ್ಡವರ ಪ್ರೀತಿಯಲ್ಲೂ ಇದೇ ರೀತಿಗಳು ಕಾಣುತ್ತವೆ ಅಂತ 1987ರಲ್ಲಿ ಹೇಜನ್ ಮತ್ತು ಶೇವರ್ ಅನ್ನುವ ಮನಶ್ಶಾಸ್ತ್ರಜ್ಞರು ಬರೆದರು. ಇದೇನು ಹಣೆಬರಹ ಅಲ್ಲ, ಬದಲಾಗಬಹುದು ಅಂತಲೂ ಮೇಡಂ ಒತ್ತಿ ಹೇಳಿದರು. ನನಗಂತೂ ಆ ಎದೆಬಡಿತದ ಮಾತೇ ಸಾಕಾಯಿತು. ಇವರ ಮೌನವನ್ನು ನಾನು ತಾತ್ಸಾರ ಅಂದುಕೊಂಡಿದ್ದೆ.

ಈಗ ಬೇಜಾರಾದರೆ ಇವರು, "ಸ್ವಲ್ಪ ಹೊತ್ತು ಬಿಡು, ಬಂದು ಮಾತಾಡ್ತೇನೆ" ಅಂತಾರೆ. ಹೇಳಿದ ಹಾಗೆ ಬಂದು ಕೂರುತ್ತಾರೆ. ನಾನೂ ಕಾಯುತ್ತೇನೆ. ಕಷ್ಟ ಇದೆ, ಆದರೂ ಕಾಯುತ್ತೇನೆ.

ಅತ್ತೆ, ಕಣ್ಣು ಮಂಜು ಅಂತ ನೀವು ಮೊಬೈಲ್ ಮುಟ್ಟುವುದಿಲ್ಲ. ಇದನ್ನು ನಿಮಗೆ ಓದಿ ಹೇಳಲು ನಿಮ್ಮ ಮಗನಿಗೇ ಹೇಳಿದ್ದೇನೆ. ಒಪ್ಪಿದ್ದಾರೆ.